ಮನೀನ ಇಲ್ಲದ ಊರು ಕಾಯೋದು ಯಾರಿಗೆ?

ಮೊನ್ನೆ ಶನಿವಾರ ರಾತ್ರಿ ನಮ್ಮ ಮನಿಯೊಳಗ ಒಂದು ಜಗಳ ಆತು. ಆಸ್ತಿದಲ್ಲ, ಅತ್ತಿ-ಸೊಸಿದೂ ಅಲ್ಲ, ಒಂದು ಚೀನಾ ಪಿಕ್ಚರ್ ಸಲುವಾಗಿ. 'ಶಾಂಘೈ ಫೋರ್ಟ್ರೆಸ್' ಅಂತ ಅದರ ಹೆಸರು, 2019ರ ಆಗಸ್ಟ್ 9ಕ್ಕ ಬಂದದ್ದು. ನಮ್ಮ ಭಾವನ ಮಗ ಹಚ್ಚಿದ್ದ, ನಾವು ಹೆಣ್ಮಕ್ಕಳು ಬಟಾಣಿ ಸುಲಕೋತ ಕೂತು ನೋಡಿದ್ವಿ. ಮುಗದ ಮ್ಯಾಲೆ ನಾ ಒಂದ ಮಾತು ಕೇಳಿದೆ, "ಅಲ್ಲೋ, ಈ ಊರಾಗ ಯಾರರೆ ಅಡಿಗಿ ಮಾಡ್ತಾರೋ ಇಲ್ಲೋ?" ಅಂತ. "ಯುದ್ಧದ ಪಿಕ್ಚರಿನ್ಯಾಗ ನಿನಗ ಅಡಿಗಿಮನಿ ಯಾಕ ಬೇಕು ಕಾಕು" ಅಂತ ಬಿದ್ದು ಬಿದ್ದು ನಕ್ಕ. ಅವಂಗ ಅವತ್ತು ಉತ್ತರ ಕೊಡಲಿಕ್ಕೆ ಆಗಲಿಲ್ಲ, ಕುಕ್ಕರ್ ಸೀಟಿ ಹೊಡೀತು. ಇವತ್ತು ಕೊಡ್ತೀನಿ.

ಕಥಿ ಸಣ್ಣದ ಅದ. ಮನುಷ್ಯಾರು ಆಕಾಶದಾಚೆಯಿಂದ 'ಶ್ಯಾನ್‌ಟೆಂಗ್' ಅನ್ನೋ ಒಂದು ಶಕ್ತಿಮೂಲ ತಂದು ಇಟ್ಕೋತಾರ. ಅದರ ಆಸೆಕ್ಕ ಬ್ಯಾರೆ ಲೋಕದವರು ದಂಡೆತ್ತಿ ಬರ್ತಾರ. ಒಂದೊಂದ ದೊಡ್ಡ ಊರು ಬಿದ್ದು ಕಡೀಕ ಶಾಂಘೈ ಉಳೀತದ. ಅಲ್ಲೆ ಒಂದು ರಾಕ್ಷಸನಂಥಾ ತೋಫು. ಲಿನ್ ಲಾನ್ ಅಂತ ಒಬ್ಬಾಕಿ ಕಮಾಂಡರ್, ಅಕಿ ಪಾತ್ರ ಶು ಚಿ ಮಾಡ್ಯಾಳ. ಡ್ರೋನ್ ಹಾರಸೋ ತರುಣ ಸೈನಿಕ ಜಿಯಾಂಗ್ ಯಾಂಗ್, ಅಂವ ಲು ಹಾನ್. ಇವಂಗ ಅಕಿ ಮ್ಯಾಲೆ ಮನಸು. ಬಾಯಿಬಿಟ್ಟು ಹೇಳೂದಿಲ್ಲ, ಸುಮ್ನ ನೋಡ್ತಾನ. ಪಿಕ್ಚರ್ ತುಂಬ ನೋಡೂದ ಆಗ್ತದ.

ನಮ್ಮ ಬಾಜೂಮನಿ ವೈನಿ, "ಆ ಹುಡುಗನ ಹಣಿಮ್ಯಾಲಿನ ಕೂದಲಾ ನೋಡ್ರಿ, ಇಂವ ಎಂಥಾ ಸಿಪಾಯಿ" ಅಂದ್ರು. ನಮ್ಮ ಮೌಶಿ, "ಅಕಿ ಅವಂಗಿಂತ ಎಷ್ಟು ದೊಡ್ಡಾಕಿ ಕಾಣಸ್ತಾಳ, ಜೋಡಿ ಒಪ್ಪಂಗಿಲ್ಲ" ಅಂದ್ಳು. ಖರೇನ ಶು ಚಿ 1976ರಾಗ ಹುಟ್ಟಿದಾಕಿ, ಲು ಹಾನ್ 1990. ಆದ್ರ ಮೌಶಿ, ನಮ್ಮ ಕಡೆ ಐವತ್ತರ ಹೀರೋ ಇಪ್ಪತ್ತೈದರ ಹುಡುಗಿ ಕೈ ಹಿಡಕೊಂಡು ಕುಣದಾಗ ನೀವು ಜೋಡಿ ಒಪ್ಪಂಗಿಲ್ಲ ಅಂದದ್ದು ನಾ ಒಂದ ಸಲೇನೂ ಕೇಳಿಲ್ಲ. ಚೀನಾದಾಗೂ ಮಂದಿ ಬೈದದ್ದು ಹಿಂಗ, ಕೂದಲಕ್ಕ, ವಯಸ್ಸಿಗೆ. ಬೈಯೋದು ಬ್ಯಾರೆ ಕಡೆ ಇತ್ತು.

ಈ ಪಿಕ್ಚರ್ ಮಾಡಿದಾಂವ ಟೆಂಗ್ ಹುವಾಟಾವೊ. ಇಂವಗ ಮನಿ ಅಂದ್ರೇನು ಗೊತ್ತಿಲ್ಲ ಅಂತಿದ್ರ ನಾ ಸುಮ್ನ ಇರ್ತಿದ್ದೆ. 2009ರಾಗ 'ಸ್ನೇಲ್ ಹೌಸ್' ಅಂತ ಟಿವಿ ಧಾರಾವಾಹಿ ಮಾಡಿದಾಂವ ಇವನ. ಬಸವನಹುಳದ ಚಿಪ್ಪಿನಷ್ಟ ಮನಿ ಅಂತ ಅದರ ಅರ್ಥ. ಅದರೊಳಗ ಅಕ್ಕ-ತಂಗಿ ಇಬ್ಬರು. ಅಕ್ಕ-ಭಾವ ಒಂದ ಸಣ್ಣ ಖೋಲಿಯೊಳಗ ಸಂಸಾರ ಮಾಡ್ತಾರ, ಜಾಗಾ ಇಲ್ಲಂತ ಹಡದ ಕೂಸನ್ನ ಅಜ್ಜ-ಅಜ್ಜಿ ಹತ್ರ ಬಿಟ್ಟಿರ್ತಾರ. ಸ್ವಂತ ಫ್ಲ್ಯಾಟಿನ ಸಲುವಾಗಿ ಅಕ್ಕ ಒದ್ದಾಡೋದು, ಅಕ್ಕಗ ರೊಕ್ಕ ಹೊಂದಸಲಿಕ್ಕೆ ಹೋಗಿ ತಂಗಿ ಒಬ್ಬ ದೊಡ್ಡ ಅಧಿಕಾರಿ ಕೈಯಾಗ ಸಿಗೋದು. ಊರಿಗೆ ಜಿಯಾಂಗ್‌ಝೌ ಅಂತ ಸುಳ್ಳ ಹೆಸರಿಟ್ಟಿದ್ರೂ ಅದು ಶಾಂಘೈನ ಅಂತ ಎಲ್ಲಾರಿಗೂ ತಿಳೀತು. ಮನಿ ಸಾಲದ ಕಂತು ಕಟ್ಟೋ ಯಾರಿಗೆ ಬೇಕಾದ್ರೂ ಕೇಳ್ರಿ, ಆ ಕಥಿ ಎದಿಗೆ ನಾಟ್ತದ.

ಹತ್ತು ವರ್ಷ ಆದ ಮ್ಯಾಲೆ ಅದ ಮನಷಾ, ಅದ ಊರು, ಕೈಯಾಗ ಕೋಟಿ ಕೋಟಿ ಯುವಾನ್. ಆ ಅಕ್ಕ ಸಾಲಾ ಮಾಡಿ ಕೊಂಡ ಫ್ಲ್ಯಾಟ್ ಮ್ಯಾಲೆ ಬೆಂಕಿ ಬಿದ್ರ ಹೆಂಗಿರ್ತದ? ಇವಂಗ ಅದರ ನೆಪ್ಪ ಬರಲಿಲ್ಲ. ಶಾಂಘೈಯೊಳಗ ಸುಮಾರು 2.4 ಕೋಟಿ ಜನ ಇದ್ದಾರ. ಪಿಕ್ಚರ್ ಮುಗದಾಗ ಎತ್ತರದ ಗಾಜಿನ ಕಟ್ಟಡ ಬೀಳೋದು ನನಗ ನೆಪ್ಪಾತು, ಒಂದ ಮನಿ ನೆಪ್ಪಿಗೆ ಬರಲಿಲ್ಲ. ಯಾರದರೆ ಅತ್ತಿ, ಯಾರದರೆ ಕೂಸು, ಒಲಿ ಮ್ಯಾಲೆ ಬಿಟ್ಟು ಓಡಿದ ಗಂಜಿ, ಏನೂ ಇಲ್ಲ. ಲಿನ್ ಲಾನ್‌ಗರೆ ಏನು ಕೆಲಸಾ ಕೊಟ್ಟಾರ? ಇಡೀ ಊರಿನ ಭಾರ ತಲಿಮ್ಯಾಲೆ ಇದ್ದಾಕಿ, ಅಕಿ ಒಂದು ಲೆಕ್ಕಾ ಹಾಕೋದು, ಒಂದು ತಪ್ಪು ತೀರ್ಮಾನಕ್ಕ ರಾತ್ರಿ ನಿದ್ದಿಗೆಡೋದು ನನ್ನ ಕಣ್ಣಿಗೆ ಬೀಳಲಿಲ್ಲ. ಅಕಿ ಇರೋದು ಆ ಹುಡುಗ ನೋಡಲಿ ಅಂತ.

ಇನ್ನ ನಮ್ಮ ಹುಡುಗನ ಪ್ರಶ್ನೆ. ಯುದ್ಧಕ್ಕ ಅಡಿಗಿಮನಿ ಯಾಕ ಬೇಕು?

ಪಿಕ್ಚರ್ ಬಂದು ಮೂರು ವರ್ಷ ಆಗೋದ್ರಾಗ ಶಾಂಘೈಗೆ ಖರೇನ ಮುತ್ತಿಗಿ ಬಿತ್ತಲ್ಲೋ ತಮ್ಮಾ. 2022ರ ಮಾರ್ಚ್ ಕಡೀಕ ಕೊರೊನಾ ಸಲುವಾಗಿ ಊರು ಬಂದ್ ಮಾಡ್ಲಿಕ್ಕೆ ಚಾಲೂ ಮಾಡಿದವರು ಜೂನ್ 1ಕ್ಕ ತಗದ್ರು. ಅಂಗಡಿ ಮುಚ್ಚಿದ್ವು, ಮನಿಗೆ ಸಾಮಾನು ತರೋ ಹುಡುಗರ ಸಂಖ್ಯಾ ಕಡಿಮಿ ಆತು, ಫೋನಿನ್ಯಾಗ ತರಕಾರಿ ಬುಕ್ ಮಾಡಲಿಕ್ಕೆ ಮಂದಿ ನಸಿಕಿನ್ಯಾಗ ಎದ್ದು ಕೂಡ್ತಿದ್ರು. ಸರಕಾರದ ಗಂಟು ಒಂದು ಓಣಿಗೆ ಬಂದ್ರ ಇನ್ನೊಂದಕ್ಕಿಲ್ಲ. ಆವಾಗ ಊರು ನಡಸಿದವರು ಯಾರು? ಒಂದೊಂದು ಅಪಾರ್ಟ್‌ಮೆಂಟಿನ್ಯಾಗ ಒಬ್ಬೊಬ್ಬರು ಮುಂದ ಬಂದು, ಎಷ್ಟು ಮನಿಗೆ ಎಷ್ಟು ತತ್ತಿ, ಎಷ್ಟು ಹಾಲು, ಯಾರ ಮನ್ಯಾಗ ಕೂಸದ, ಯಾರ ಮನ್ಯಾಗ ಮುದುಕರಿದ್ದಾರ ಅಂತ ಯಾದಿ ಬರದು, ಎಲ್ಲಾರದೂ ಕೂಡಿಸಿ ಒಮ್ಮೆಲೆ ಸಗಟು ತರಿಸಿದ್ರು. ಕ್ಯಾಬೀಜ್ ಕೊಟ್ಟು ಕೋಲಾ ಇಸ್ಕೊಂಡ್ರು. ಒಂದ ಕಟ್ಟಡದಾಗ ವರ್ಷಗಟ್ಲೆ ಇದ್ದು ಮುಖಾ ನೋಡದವರು ಬಾಗಲಕ್ಕ ಉಳ್ಳಾಗಡ್ಡಿ ಇಟ್ಟು ಹೋದ್ರು. ಹಿಂಗ ಯಾದಿ ಮಾಡಿದವರಿಗೆ ಚೀನೀ ಭಾಷಾದಾಗ ಏನಂತಾರ ಗೊತ್ತೇನು? ತುವಾನ್‌ಜಾಂಗ್. ಗುಂಪಿನ ಮುಖ್ಯಸ್ಥ ಅಂತ. ಸೈನ್ಯದಾಗ ಒಂದು ರೆಜಿಮೆಂಟಿನ ಕಮಾಂಡರಿಗೂ ಅದ ಶಬ್ದ.

ಅಂಥಾ ಕಮಾಂಡರ್ ಒಬ್ಬಾಕಿ ಆ ಪಿಕ್ಚರಿನ್ಯಾಗ ಇದ್ದಿದ್ರ ನಾ ಬಟಾಣಿ ಬಾಜೂಕಿಟ್ಟು ನೋಡ್ತಿದ್ದೆ.

"ವಿಜ್ಞಾನದ ಪಿಕ್ಚರಿಗೆ ಸಂಸಾರ ತುರುಕಿದ್ರ ಕೆಡ್ತದ" ಅಂತಲೂ ಅಂದ ಅಂವ. ಅದ ವರ್ಷ ಫೆಬ್ರುವರಿ 5ಕ್ಕ, ಅವರ ವರ್ಷತೊಡಕಿನ ಹಬ್ಬಕ್ಕ, 'ದಿ ವಾಂಡರಿಂಗ್ ಅರ್ಥ್' ಬಂದಿತ್ತು. ಸೂರ್ಯ ಸಾಯ್ತಾನಂತ ಭೂಮಿಗೇ ಇಂಜಿನ್ ಕಟ್ಟಿ ದೂಡ್ಕೊಂಡು ಹೋಗೋ ಕಥಿ. ಅದರ ಬುಡಕ ಏನದ? ಭೂಮಿಯೊಳಗಿನ ಊರಿಗೆ ಎಲ್ಲಾರಿಗೂ ಜಾಗಾ ಇಲ್ಲ. ಬ್ಯಾನಿ ಬಿದ್ದ ಹೆಂಡತಿ ಔಷಧ ನಿಲ್ಲಿಸಿ, ಮಗ ಮತ್ತ ಮಾವ ಒಳಗ ಹೋಗ್ಲಿ ಅಂತ ಗಂಡ ತೀರ್ಮಾನ ಮಾಡ್ತಾನ. ಮಗ ದೊಡ್ಡಾಂವಾದ್ರೂ ಅಪ್ಪನ್ನ ಕ್ಷಮಿಸೂದಿಲ್ಲ. ಇದು ಸಂಸಾರ ಅಲ್ಲೇನು? ಆ ಪಿಕ್ಚರ್ 460 ಕೋಟಿ ಯುವಾನಿಗೂ ಹೆಚ್ಚು ಗಳಿಸ್ತು. ಶಾಂಘೈದ್ದು 12 ಕೋಟಿ ಸುಮಾರಿಗೆ ಕೂತು ಬಿಡ್ತು. ಮೊದಲನೇದು ಚೀನಾದ ವಿಜ್ಞಾನ ಪಿಕ್ಚರಿಗೆ ಬಾಗಲಾ ತಗೀತು, ಇದು ಮುಚ್ಚಿತು ಅಂತ ಮಂದಿ ಆಡ್ಕೊಂಡ್ರು, ನಿರ್ದೇಶಕ ಎಲ್ಲಾರ ಮುಂದ ಕ್ಷಮಾ ಕೇಳಿದ.

ಈ ಶನಿವಾರ 'ವಾಂಡರಿಂಗ್ ಅರ್ಥ್' ನಾ ಹಚ್ಚಾಕಿ. ವೈನಿ, ಮೌಶಿ, ನೀವೂ ಬರ್ರಿ, ಊಟಾ ನಮ್ಮಲ್ಲೇ. ಬಟಾಣಿ ಎರಡು ಕಿಲೋ ತಂದಿಟ್ಟೀನಿ, ಈ ಸಲ ಅಂವ ಸುಲೀತಾನ.