ನಾಟಕದಲ್ಲಿ ಹುಡುಗಿಯರು ಬೇಡವೇ?

 

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತು. ನಾಟಕಕ್ಕೆ ಪಾತ್ರ ಹಂಚುವಾಗ ದೊಡ್ಡ ತರಗತಿಯ ಹುಡುಗಿಯರನ್ನು ಯಾರೂ ಕೇಳುವುದಿಲ್ಲ. ನಮಗೆ ಪ್ರಾರ್ಥನೆ, ಸ್ವಾಗತಗೀತೆ, ರಂಗೋಲಿ ಅಷ್ಟೇ. ಸೀತೆ, ದ್ರೌಪದಿ, ಕಿತ್ತೂರು ಚೆನ್ನಮ್ಮ ಎಲ್ಲಾ ಪಾತ್ರಗಳನ್ನೂ ಹುಡುಗರೇ ಸೀರೆ ಉಟ್ಟು ಮಾಡ್ತಾರೆ. ಯಾಕೆ ಅಂತ ಕೇಳಿದರೆ, "ಮಾನವಂತರ ಮನೆ ಹೆಣ್ಣುಮಕ್ಕಳು ನಾಟಕ ಆಡ್ತಾರೇನಮ್ಮಾ?" ಅಂತಾರೆ ಊರಿನ ಹಿರಿಯರು. ಇದಕ್ಕೆ ಉತ್ತರವಾಗಿ ನಮ್ಮ ನಾಡಿನ ಒಬ್ಬ ಮಹಿಳೆಯ ವಿಷಯ ಬರೆಯುತ್ತಿದ್ದೇನೆ.

ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಬಂಗಾಳದವರದ್ದು ಅನ್ನಿಸಿದರೂ ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಆಸ್ತಿ ತಾಯಿಗೆ ಸಿಗಲಿಲ್ಲ, ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಎಳೆಯ ವಯಸ್ಸಿನಲ್ಲೇ ಮದುವೆ, ಬೇಗನೇ ವೈಧವ್ಯ. ಆಗೆಲ್ಲಾ ವಿಧವೆ ಎಂದರೆ ಮನೆಯ ಮೂಲೆ ಸೇರಬೇಕಿತ್ತು. ಕಮಲಾದೇವಿ ಸೇರಲಿಲ್ಲ. ಮದರಾಸಿನಲ್ಲಿ ಓದಿದರು. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು. ರಂಗದ ಮೇಲೆ ನಟಿಸಿದರು. 'ಮೃಚ್ಛಕಟಿಕ' ಮೂಕಿ ಚಿತ್ರದಲ್ಲೂ, 1943ರ ಹಿಂದಿ ಚಿತ್ರ 'ತಾನ್‌ಸೇನ್'ನಲ್ಲೂ ಅಭಿನಯಿಸಿದರು.

ನಟಿಸಿದ್ದಕ್ಕೆ ಅವರ ಮಾನ ಹೋಯಿತೇ? ನೀವೇ ನೋಡಿ. 1926ರಲ್ಲಿ ಮದರಾಸು ಶಾಸನಸಭೆಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಹೆಣ್ಣೊಬ್ಬಳು ಮತ ಕೇಳುವುದೇ ಆಗ ಹೊಸತು. 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ದುಡಿದರು. 1930ರ ದಂಡಿ ಯಾತ್ರೆಗೆ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರ ಹತ್ತಿರವೇ ಹೋಗಿ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಕೊಡಿ ಎಂದು ವಾದಿಸಿದರು. ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೂ ಹೋದರು. ಭಾರತೀಯ ಮಹಿಳೆಯರ ಜಾಗೃತಿ ಕುರಿತು 1939ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, 1986ರಲ್ಲಿ ಆತ್ಮಕಥೆ ಪ್ರಕಟಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. 1988ರಲ್ಲಿ ನಿಧನರಾದರು.

ಗಾಂಧೀಜಿಯಂಥವರ ಮುಂದೆಯೇ ನಿಂತು ಕೇಳಲು ಧೈರ್ಯ ಬೇಕು. ನಾಲ್ಕು ಜನರೆದುರು ನಿಂತು ಗಟ್ಟಿಯಾಗಿ ಮಾತಾಡುವ ಅಭ್ಯಾಸ ರಂಗದ ಮೇಲೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಅಭ್ಯಾಸ ಹುಡುಗರಿಗೆ ಮಾತ್ರ ಸಾಕೇ? ನಾಳೆ ಗ್ರಾಮಸಭೆಯಲ್ಲಿ ನಲ್ಲಿ ನೀರು ಬರ್ತಿಲ್ಲ ಅಂತ ಎದ್ದು ಹೇಳಬೇಕಾದವರು ನಾವೇ ಅಲ್ವಾ?

ಕತ್ತಲಾಗುತ್ತೆ, ಓದು ಕೆಡುತ್ತೆ ಎಂಬ ಹೆತ್ತವರ ಚಿಂತೆ ಸುಳ್ಳಲ್ಲ. ಅದಕ್ಕೂ ದಾರಿ ಇದೆ. ಶಾಲೆ ಬಿಟ್ಟ ಮೇಲೆ ಒಂದೇ ಗಂಟೆ ತಾಲೀಮು ಇಟ್ಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇವೆ. ಒಬ್ಬರು ಮೇಡಂ ಜೊತೆಗಿರಲಿ. ಅಮ್ಮಂದಿರೂ ಒಂದು ದಿನ ಬಂದು ತಾಲೀಮು ನೋಡಲಿ.

ಹುಡುಗರೇ, ನಿಮ್ಮ ಪಾತ್ರ ಕಿತ್ತುಕೊಳ್ಳುವ ಆಸೆ ನಮಗಿಲ್ಲ. ಸಂಗೊಳ್ಳಿ ರಾಯಣ್ಣ ನೀವೇ ಆಗಿ. ಚೆನ್ನಮ್ಮನ ಕತ್ತಿ ಮಾತ್ರ ನಮ್ಮ ಕೈಗೆ ಕೊಡಿ. ಗುರುಗಳು ಪಾತ್ರ ಹಂಚುವ ದಿನ ನಾನಂತೂ ಕೈ ಎತ್ತುತ್ತೇನೆ. ಗೆಳತಿಯರೇ, ನೀವೂ ಎತ್ತುತ್ತೀರಲ್ಲ?

– 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ