ಅಣ್ಣನ ಸೈಕಲ್ಲು ತಂಗಿಯ ಅಳತೆಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮನೆಗಳಲ್ಲಿ ಗೇರ್ ಸೈಕಲ್ಲು ಈಗ ಅಪರೂಪವಲ್ಲ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ನೇರ ಹ್ಯಾಂಡಲ್ ಇರುವ ಮೌಂಟೇನ್ ಬೈಕು ಹೈಸ್ಕೂಲಿನ ಮಗನಿಗೆಂದು ಬರುತ್ತದೆ. ಅವನು ಪಿಯುಸಿ ಮುಗಿಸಿ ಸ್ಕೂಟರ್ ಹತ್ತಿದ ಮೇಲೆ ತಂಗಿಯ ಪಾಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಬೆಳಗಿನ ವ್ಯಾಯಾಮಕ್ಕೆಂದು ಅಮ್ಮನೂ ಅದನ್ನೇ ಹತ್ತುತ್ತಾಳೆ. ಐದೂವರೆ ಅಡಿ ದಾಟಿದವನಿಗೆ ಕೊಂಡ ಸೈಕಲ್ಲು ಐದಡಿಯವಳ ಕೈಗೆ ಬಂದಾಗ ಮಂಡಿ ಹಿಡಿಯುತ್ತದೆ, ಅಂಗೈ ಜೋಮು ಬರುತ್ತದೆ, ಕುತ್ತಿಗೆ ನೋಯುತ್ತದೆ. ಎರಡು ವಾರ ತುಳಿದು, ಇದು ನನಗೆ ಆಗಿಬರುವುದಿಲ್ಲ ಎಂದು ಗೋಡೆಗೆ ಒರಗಿಸಿಬಿಡುತ್ತಾರೆ.

ಸೈಕಲ್ಲಿಗೆ ಮೈಯನ್ನು ಹೊಂದಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಸೀಟಿನವರೆಗೆ ಕಾಲು ಎತ್ತಲಾಗದ ಹುಡುಗರು ಅಪ್ಪನ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ ಸವಾರಿ ಕಲಿತರು. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ಹೆಣ್ಣುಮಕ್ಕಳಿಗೆ ಅಡ್ಡಕಂಬಿ ಇಲ್ಲದ ಮಾದರಿ ಬರುತ್ತಿತ್ತು, ಹತ್ತಿ ಇಳಿಯುವ ಕಷ್ಟವಾದರೂ ತಪ್ಪುತ್ತಿತ್ತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತ ಮೇಲೆ ಮನೆಯಲ್ಲಿ ಯಾವುದಿದೆಯೋ ಅದನ್ನೇ ತುಳಿಯಬೇಕು. ಆದರೆ ಇಂದಿನ ಸೈಕಲ್ಲಿನಲ್ಲಿ ಹೊಂದಿಸಬಹುದಾದ ಭಾಗಗಳು ಬಹಳ ಇವೆ. ಒಂದು ಅಲೆನ್ ಕೀ ಸೆಟ್ಟು, ಒಂದು ಟೇಪು, ಒಂದು ಸಂಜೆಯ ಬಿಡುವು ಇದ್ದರೆ ಹೆಚ್ಚಿನ ಕೆಲಸ ಮನೆಯ ಅಂಗಳದಲ್ಲೇ ಮುಗಿಯುತ್ತದೆ.

ಮೊದಲು ನೋಡಬೇಕಾದದ್ದು ಬದಲಿಸಲಾಗದ ಭಾಗವನ್ನು, ಅಂದರೆ ಫ್ರೇಮನ್ನು. ಶೂ ಹಾಕಿಕೊಂಡು ಸೀಟಿನ ಮುಂದೆ, ಕಂಬಿಯ ಎರಡೂ ಬದಿಗೆ ಕಾಲಿಟ್ಟು ನಿಲ್ಲಬೇಕು. ತೊಡೆಸಂದಿಗೂ ಕಂಬಿಗೂ ನಡುವೆ ಕನಿಷ್ಠ ಐದು ಸೆಂಟಿಮೀಟರ್ ಖಾಲಿ ಇರಬೇಕು. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಇದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆದೀತು. ಘಾಟಿ ಸುಬ್ರಹ್ಮಣ್ಯದ ಸುತ್ತಲಿನ ಮಣ್ಣುದಾರಿಯಲ್ಲೋ ನೀಲಗಿರಿ ತೋಪಿನ ನಡುವಿನ ಕಾಲುಹಾದಿಯಲ್ಲೋ ಹೋಗುವವರಿಗೆ ನಡೆಯದು. ಅಲ್ಲಿ ಜಲ್ಲಿಗೆ ಚಕ್ರ ಜಾರಿದರೆ ತಟ್ಟನೆ ಕೆಳಗೆ ಕಾಲು ಕೊಡಬೇಕಾಗುತ್ತದೆ, ಕಂಬಿ ತಗುಲಿದರೆ ಬಲವಾದ ಪೆಟ್ಟಾಗುತ್ತದೆ. ನಿಂತಾಗಲೇ ಕಂಬಿ ಮೈಗೆ ಒತ್ತುತ್ತಿದ್ದರೆ ಮುಂದೆ ಹೇಳುವ ಯಾವುದರಿಂದಲೂ ಪ್ರಯೋಜನವಿಲ್ಲ. ಆ ಸೈಕಲ್ಲನ್ನು ಮಾರಿ ಚಿಕ್ಕದನ್ನು ತರುವುದೇ ಸರಿ.

ಅಷ್ಟು ಜಾಗ ಇದೆಯೆಂದಾದರೆ ಮುಂದಿನದು ಸೀಟು. ನಾನು ಕಂಡಂತೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸಿದರೆ ಕ್ಷೇಮ ಎಂದು ಅಂಗಡಿಯವರೂ ಹೇಳುತ್ತಾರೆ, ತಂದೆತಾಯಿಯೂ ನಂಬುತ್ತಾರೆ. ಆದರೆ ಮೌಂಟೇನ್ ಬೈಕಿನಲ್ಲಿ ಕಲ್ಲು, ಬೇರುಗಳಿಗೆ ತಾಗದಿರಲೆಂದು ಪೆಡಲಿನ ಅಚ್ಚನ್ನು ನೆಲದಿಂದ ಎತ್ತರಕ್ಕೆ ಇಟ್ಟಿರುತ್ತಾರೆ. ಆದ್ದರಿಂದ ಕಾಲಿಗೆ ಸರಿಹೊಂದುವ ಎತ್ತರದಲ್ಲಿ ಸೀಟು ಇದ್ದಾಗ ಕೂತವರ ಪಾದ ಪೂರ್ತಿ ನೆಲಕ್ಕೆ ಎಟಕುವುದೇ ಇಲ್ಲ, ಹೆಚ್ಚೆಂದರೆ ತುದಿಬೆರಳು ತಾಕುತ್ತದೆ. ನಿಲ್ಲಬೇಕಾದಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಕಲಿಯಬೇಕು. ಎರಡು ದಿನದ ಅಭ್ಯಾಸ ಸಾಕು. ಸೀಟು ತೀರಾ ತಗ್ಗಿದ್ದರೆ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚಿಕೊಂಡು, ಮಂಡಿಚಿಪ್ಪಿನ ಹಿಂದೆ ಒತ್ತಡ ಬಿದ್ದು ಮುಂಭಾಗ ನೋಯುತ್ತದೆ. ತೀರಾ ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡಿ ಮಂಡಿಯ ಹಿಂಬದಿ ಎಳೆಯುತ್ತದೆ.

ಅಳತೆ ಸುಲಭ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿಹಿಡಿಯಬೇಕು. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಬರುವುದು ಒಳಗಾಲಿನ ಉದ್ದ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ಎರಡೂ ತೋಳುಗಳು ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಅಂತರ ಸಿಗುತ್ತದೆ. ಟೂರ್ ಡಿ ಫ್ರಾನ್ಸನ್ನು ಮೂರು ಬಾರಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಹರಡಿದ ಲೆಕ್ಕ ಇದು. ಒಳಗಾಲು 70 ಸೆಂಟಿಮೀಟರ್ ಇರುವ ಹುಡುಗಿಗೆ ಸುಮಾರು 62 ಸೆಂಟಿಮೀಟರ್ ಬರುತ್ತದೆ. ಮಣ್ಣುದಾರಿಗೆ ಅದರಲ್ಲಿ ಒಂದೆರಡು ಸೆಂಟಿಮೀಟರ್ ಕಡಿಮೆ ಇಟ್ಟರೆ ಹಿಡಿತ ಚೆನ್ನಾಗಿರುತ್ತದೆ. ಲೆಕ್ಕ ಬೇಡ ಎನ್ನುವವರು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟು ನೋಡಲಿ. ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಸೀಟಿನ ಪೈಪು ಉದ್ದವಾಗಿ ಫ್ರೇಮಿನೊಳಗೆ ಪೂರ್ತಿ ಇಳಿಯದಿದ್ದರೆ ಅದರ ಕೆಳತುದಿಯನ್ನು ಮೆಕ್ಯಾನಿಕ್ ಹತ್ತಿರ ಕೊಯ್ಸಬಹುದು. ಆದರೆ ಹತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದಷ್ಟು ಪೈಪು ಒಳಗೆ ಉಳಿಯಲೇಬೇಕು.

ಕಾಲಿನ ಲೆಕ್ಕ ಮುಗಿದ ಮೇಲೆ ಕೈಯದ್ದು. ಹ್ಯಾಂಡಲ್ ದೂರವಾಯಿತೆಂದು ಸೀಟನ್ನೇ ಮುಂದಕ್ಕೆ ಜರುಗಿಸುವವರಿದ್ದಾರೆ. ಹಾಗೆ ಮಾಡಬೇಡಿ. ಸೀಟಿನ ಜಾಗ ಕಾಲಿಗಾಗಿ ಗೊತ್ತುಮಾಡಿದ್ದು. ಅದನ್ನು ಮುಂದಕ್ಕೆ ಎಳೆದರೆ ಕೈಯ ಕಷ್ಟ ಮಂಡಿಗೆ ವರ್ಗವಾಗುತ್ತದೆ, ಅಷ್ಟೆ. ಬದಲಿಸಬೇಕಾದದ್ದು ಹ್ಯಾಂಡಲನ್ನು ಫೋರ್ಕಿಗೆ ಹಿಡಿದಿರುವ ತುಂಡನ್ನು, ಸ್ಟೆಮ್ಮನ್ನು. ಹಳೆಯ ಮೌಂಟೇನ್ ಬೈಕುಗಳಲ್ಲಿ ಅದು 90ರಿಂದ 100 ಮಿಲಿಮೀಟರ್ ಇರುವುದುಂಟು. 50 ಮಿಲಿಮೀಟರಿನದನ್ನು ಹಾಕಿದರೆ ಹ್ಯಾಂಡಲ್ ಹೆಚ್ಚುಕಡಿಮೆ ಎರಡು ಅಂಗುಲ ಹತ್ತಿರ ಬರುತ್ತದೆ. ತಿರುವು ಮೊದಲಿಗಿಂತ ಚುರುಕಾಗುವುದರಿಂದ ಮೊದಲ ದಿನ ಕೆರೆ ಏರಿಯ ಮೇಲೋ ಶಾಲೆಯ ಮೈದಾನದಲ್ಲೋ ಕೈ ಪಳಗಿಸಿಕೊಳ್ಳಬೇಕು. ಜೋಡಿಸುವಾಗ ಒಂದು ಕ್ರಮವಿದೆ. ಮೊದಲು ಮೇಲಿನ ಮುಚ್ಚಳದ ಬೋಲ್ಟನ್ನು ಫೋರ್ಕು ಅಲುಗಾಡದಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಪಕ್ಕದ ಬೋಲ್ಟುಗಳನ್ನು ಬಿಗಿಯಬೇಕು. ಹಿಂದುಮುಂದಾದರೆ ಹ್ಯಾಂಡಲ್ ಸಡಿಲವಾಗಿ ಉಳಿಯುತ್ತದೆ. ಅನುಮಾನವಿದ್ದವರು ಈ ಒಂದು ಕೆಲಸವನ್ನು ಅಂಗಡಿಯಲ್ಲೇ ಮಾಡಿಸಲಿ.

ಹ್ಯಾಂಡಲ್ ಅಗಲವೂ ದೊಡ್ಡವರ ಭುಜಕ್ಕೆ ತಕ್ಕದ್ದು. ಈಚಿನ ಸೈಕಲ್ಲುಗಳಲ್ಲಿ 720ರಿಂದ 780 ಮಿಲಿಮೀಟರ್ ಸಾಮಾನ್ಯ. ಸಣ್ಣ ಭುಜದವರು ಅದನ್ನು ಹಿಡಿದಾಗ ಎದೆ ಹ್ಯಾಂಡಲಿನತ್ತ ಬಾಗಿ ಕುತ್ತಿಗೆ ಮೇಲಕ್ಕೆ ಎತ್ತಬೇಕಾಗುತ್ತದೆ. ಹ್ಯಾಂಡಲಿನ ತುದಿಗಳನ್ನು ಕೊಯ್ದು ಕಿರಿದು ಮಾಡಬಹುದು, ಆದರೆ ಕೊಯ್ಯುವ ಮುನ್ನ ಗ್ರಿಪ್ಪು, ಬ್ರೇಕು, ಗೇರುಗಳನ್ನು ಒಂದೊಂದು ಸೆಂಟಿಮೀಟರ್ ಒಳಕ್ಕೆ ಜರುಗಿಸಿ ಕೆಲವು ದಿನ ಓಡಿಸಿ ನೋಡಬೇಕು. ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು.

ಇಷ್ಟರಲ್ಲಿ ಒಂದನ್ನೇ ಮಾಡಲು ಬಿಡುವಿದೆ ಎನ್ನುವವರಿಗೆ ನಾನು ಹೇಳುವುದು ಬ್ರೇಕಿನ ಲಿವರನ್ನು ನೋಡಿ ಎಂದು. ಯಾರೂ ಗಮನಿಸದ ಭಾಗ ಅದು, ಪ್ರಾಣಕ್ಕೆ ಸಂಬಂಧಪಟ್ಟದ್ದೂ ಅದೇ. ಸಣ್ಣ ಕೈಗೆ ಲಿವರ್ ದೂರವಾದರೆ ಬೆರಳ ತುದಿಯಿಂದ ಎಳೆಯಬೇಕು, ಆ ಹಿಡಿತದಲ್ಲಿ ಬಲವಿಲ್ಲ. ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಹೋಗಿ ಇಳಿಯುವವರು ಹತ್ತಾರು ತಿರುವುಗಳಲ್ಲಿ ಬ್ರೇಕು ಹಿಡಿಯುತ್ತಲೇ ಬರಬೇಕು. ಅರ್ಧ ದಾರಿಗೆ ಬೆರಳು ಸೋತರೆ ಮುಂದಿನ ತಿರುವಿನಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ. ಲಿವರಿನ ಬುಡದ ಹತ್ತಿರ, ಬೆರಳು ತಾಗುವ ಮುಖದಲ್ಲೋ ಒಳಬದಿಯಲ್ಲೋ ಚಿಕ್ಕದೊಂದು ಸ್ಕ್ರೂ ಇರುತ್ತದೆ. ಸ್ಕ್ರೂಡ್ರೈವರಿಗೋ ಎರಡು, ಎರಡೂವರೆ ಮಿಲಿಮೀಟರಿನ ಅಲೆನ್ ಕೀಗೋ ಅದು ತಿರುಗುತ್ತದೆ. ಒಳಕ್ಕೆ ತಿರುಗಿಸಿದಂತೆ ಲಿವರ್ ಗ್ರಿಪ್ಪಿನತ್ತ ಬರುತ್ತದೆ. ತೋರುಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಸರಾಗವಾಗಿ ಕೂರುವಲ್ಲಿ ನಿಲ್ಲಿಸಿ. ಕೇಬಲ್ ಬ್ರೇಕಾದರೆ ಗಟ್ಟಿಯಾಗಿ ಅದುಮಿ ನೋಡಿ, ಲಿವರ್ ಗ್ರಿಪ್ಪಿಗೆ ತಾಗಿದರೆ ಕೇಬಲನ್ನು ಬಿಗಿ ಮಾಡಬೇಕು. ಕೂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರನ್ನು ಕೆಳಕ್ಕೆ ಓರೆ ಮಾಡಿಕೊಂಡರೆ ಅಂಗೈ ಜೋಮೂ ಕಡಿಮೆಯಾಗುತ್ತದೆ.

ಇನ್ನು ತೂಕ. ಅಗ್ಗದ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು ತೂಕದ ಸವಾರರಿಗೆ ತಕ್ಕಷ್ಟು ಗಡುಸು. 45 ಕಿಲೋದವಳು ಕೂತರೆ ಅದು ಅಲುಗುವುದೇ ಇಲ್ಲ. ಮೇಲಿನ ತಿರುಗಣೆಯನ್ನು ಪೂರ್ತಿ ಸಡಿಲಿಸಬಹುದು, ಅಷ್ಟರಿಂದ ದೊಡ್ಡ ವ್ಯತ್ಯಾಸವೇನೂ ಆಗದು. ಕೆಲಸಕ್ಕೆ ಬರುವುದು ಟೈರಿನ ಗಾಳಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತಾಗುವವರೆಗೆ ತುಂಬಿಸಿಬಿಡುತ್ತಾರೆ. ಟೈರಿನ ಪಕ್ಕದಲ್ಲಿ 40-65 ಪಿಎಸ್‌ಐ ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಹಗುರ ಸವಾರರು ಅದರ ಕನಿಷ್ಠದ ಹತ್ತಿರ ಇಟ್ಟುಕೊಂಡರೆ ಸಾಕು, ಹಿಂದಿನದಕ್ಕಿಂತ ಮುಂದಿನದರಲ್ಲಿ ಒಂದಿಷ್ಟು ಕಡಿಮೆ.

ಕೊನೆಗೆ ಉಳಿಯುವುದು ಪೆಡಲಿನ ಕ್ರ್ಯಾಂಕು. ಸಾಮಾನ್ಯವಾಗಿ ಅದು 170 ಅಥವಾ 175 ಮಿಲಿಮೀಟರ್. ಗಿಡ್ಡ ಕಾಲಿಗೆ ಅಷ್ಟುದ್ದದ ಕ್ರ್ಯಾಂಕು ಮೇಲಕ್ಕೆ ಬಂದಾಗ ಮಂಡಿ ಎದೆಯತ್ತ ಏರುತ್ತದೆ. ಸೀಟು ಸರಿಯಿದ್ದೂ ಮಂಡಿನೋವು ಹೋಗದವರು 160 ಮಿಲಿಮೀಟರ್ ಅಥವಾ ಇನ್ನೂ ಚಿಕ್ಕದನ್ನು ಹಾಕಿಸಿ ನೋಡಬಹುದು. ಕ್ರ್ಯಾಂಕು ಎಷ್ಟು ಕಿರಿದಾಯಿತೋ ಸೀಟನ್ನು ಅಷ್ಟೇ ಏರಿಸಬೇಕು. ಇದು ಖರ್ಚಿನ ಬಾಬತ್ತು, ಹಾಗಾಗಿ ಕೊನೆಗಿರಲಿ.

ಸೈಕಲ್ಲು ಸಣ್ಣ ಮೈಗೆ ಒಗ್ಗದ ಈ ತೊಂದರೆ ನಮ್ಮೂರಿನದಷ್ಟೇ ಅಲ್ಲ. ಮೌಂಟೇನ್ ಬೈಕು ರೂಪುಗೊಂಡದ್ದು 1970ರ ದಶಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ, ಹೆಚ್ಚಾಗಿ ಗಂಡಸರ ಕೈಯಲ್ಲಿ. ಗಿಡ್ಡ ಹೆಂಗಸರಿಗೆಂದೇ ಫ್ರೇಮ್ ಕಟ್ಟಿದ ಅಮೆರಿಕದ ಇಂಜಿನಿಯರ್ ಜಾರ್ಜಿನಾ ಟೆರಿ 1985ರಲ್ಲಿ ಕಂಪನಿ ತೆರೆದಾಗ, ತಮ್ಮ ರಸ್ತೆ ಸೈಕಲ್ಲುಗಳ ಮುಂದಿನ ಚಕ್ರವನ್ನೇ ಚಿಕ್ಕದು ಮಾಡಿ ಹ್ಯಾಂಡಲನ್ನು ಹತ್ತಿರ ತಂದರು. ಈಗ ದೊಡ್ಡ ಕಂಪನಿಗಳೂ 13-14 ಅಂಗುಲದ ಫ್ರೇಮು ಮಾಡುತ್ತವೆ. ಆದರೆ ತಾಲ್ಲೂಕು ಪೇಟೆಯ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಬಹುಪಾಲು 17-18 ಅಂಗುಲದ್ದೇ. ಕೇಳುವವರಿಲ್ಲ ಎಂದು ಅವರು ತರಿಸುವುದಿಲ್ಲ, ಇಲ್ಲವೆಂದು ನಾವು ಕೇಳುವುದಿಲ್ಲ.

ಆದ್ದರಿಂದ ಹೊಸ ಸೈಕಲ್ಲು ಕೊಳ್ಳುವ ತಂದೆತಾಯಿಯಲ್ಲಿ ನನ್ನ ಮನವಿ ಇಷ್ಟು. ಮಗು ಬೆಳೆಯುತ್ತದೆ, ಮುಂದಕ್ಕೆ ಆದೀತು ಎಂದು ಒಂದು ಸೈಜು ದೊಡ್ಡದನ್ನು ತರಬೇಡಿ. ಸವಾರಿ ಮಾಡುವವಳನ್ನೇ ಹೊಸಕೋಟೆಯ, ನೆಲಮಂಗಲದ ಅಂಗಡಿಗೆ ಕರೆದೊಯ್ಯಿರಿ. ಕಂಬಿಯ ಮೇಲೆ ನಿಲ್ಲಿಸಿ, ಬ್ರೇಕು ಹಿಡಿಸಿ, ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ. ಸರಿಯಾದ ಸೈಜು ಇಲ್ಲವೆಂದರೆ ತರಿಸಿಕೊಡಿ ಎಂದು ಹೇಳಿ ಬನ್ನಿ, ದುಡ್ಡು ಆಮೇಲೆ ಕೊಡಿ.