ಎರಡು ನದಿಗಳ ನಡುವಿನ ಲೆಕ್ಕ



ನಮ್ಮ ಸೀಮೆಯನ್ನು ಹಿಂದುಳಿದ ಸೀಮೆ ಎಂದು ಕರೆಯುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಮಂತ್ರಿಗಳು ವೇದಿಕೆ ಹತ್ತಿದಾಗ ಹಾಗೇ ಅಂತಾರೆ, ಅಧಿಕಾರಿಗಳು ಕಡತದಲ್ಲಿ ಹಾಗೇ ಬರೀತಾರೆ. ಕೇಳಿ ಕೇಳಿ ನಾವೂ ಅದನ್ನೇ ನಂಬಿದ್ದೇವೆ. ಸಾಲ ಕೇಳಲು ಹೋದಾಗ ಟವಲ್ಲು ಕಂಕುಳಲ್ಲಿಟ್ಟು ತಲೆ ತಗ್ಗಿಸಿ ನಿಲ್ಲುವುದು ಈ ನಂಬಿಕೆಯಿಂದಲೇ. ಆದ್ದರಿಂದ ಈ ಸಂಚಿಕೆಯಲ್ಲಿ ನಮ್ಮ ಸೀಮೆಯಲ್ಲಿ ಏನೇನಿದೆ, ಅದು ಎಲ್ಲಿಗೆ ಹೋಗುತ್ತಿದೆ, ನಮ್ಮ ಕೈಗೆ ಎಷ್ಟು ಉಳಿಯುತ್ತಿದೆ ಎಂಬ ಲೆಕ್ಕವನ್ನು ಬಿಚ್ಚಿ ನೋಡೋಣ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ರಾಯಚೂರು ದಾಟಿ ಪೂರ್ವಕ್ಕೆ, ಕರ್ನೂಲಿನ ಕಡೆ ಎರಡೂ ಕೂಡುತ್ತವೆ. ಇವೆರಡರ ನಡುವಿನ ನೆಲಕ್ಕೆ ರಾಯಚೂರು ದೋಆಬ್ ಎಂದು ಹೆಸರು. ದೋ ಅಂದರೆ ಎರಡು, ಆಬ್ ಅಂದರೆ ನೀರು. ಇಂದಿನ ರಾಯಚೂರು ಜಿಲ್ಲೆ, 1997ರಲ್ಲಿ ಅದರಿಂದ ಬೇರೆಯಾದ ಕೊಪ್ಪಳ ಜಿಲ್ಲೆ, ಇವೇ ನಮ್ಮ ಕರ್ನಾಟಕದ ದೋಆಬ್. ಮಾನ್ವಿ, ಸಿಂಧನೂರಿನ ಕಡೆ ಎರೆ ಭೂಮಿ. ಲಿಂಗಸುಗೂರು, ಕುಷ್ಟಗಿಯ ಕಡೆ ಮಸಬು, ಕೆಂಪು ನೆಲ, ಗುಡ್ಡ. ಮಳೆ ವರ್ಷಕ್ಕೆ 25 ಅಂಗುಲದ ಆಸುಪಾಸು, ಅದೂ ಬಂದರೆ ಬಂತು. ಇಷ್ಟರಲ್ಲೇ ನಮ್ಮ ಹಿರಿಯರು ಜೋಳ, ಹತ್ತಿ, ತೊಗರಿ, ಸಜ್ಜೆ, ಶೇಂಗಾ ಬೆಳೆದು ಬದುಕಿದರು. ಹಿಂಗಾರಿಯ ಬಿಳಿಜೋಳ ಮಂಜಿನ ಮೇಲೆಯೇ ಬೆಳೆಯುತ್ತದೆ ಅಂತಾರಲ್ಲ, ಅದು ಎರೆ ಭೂಮಿ ಹಿಡಿದಿಟ್ಟುಕೊಂಡ ಹಸಿಯ ಗುಣ.

ಬರಡು ನೆಲಕ್ಕೆ ಯಾವ ರಾಜನೂ ದಂಡು ಕಟ್ಟಿಕೊಂಡು ಬರುವುದಿಲ್ಲ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಈ ದೋಆಬಿನ ಫಸಲಿಗೂ ಕಂದಾಯಕ್ಕೂ ಸಲುವಾಗಿ. ಅದಕ್ಕೂ ಹಿಂದೆ ಅಶೋಕ ಚಕ್ರವರ್ತಿಯ ಶಾಸನ ನಮ್ಮ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಅದು ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕುತ್ತ ಬಂದ ಒಬ್ಬ ಇಂಜಿನಿಯರನಿಗೆ. ನಮ್ಮ ಸೀಮೆಗೆ ಬಂದವರೆಲ್ಲ ಏನನ್ನೋ ಹುಡುಕಿಕೊಂಡೇ ಬಂದರು, ಬರಿಗೈಲಿ ಹೋದವರು ಕಡಿಮೆ.

ಆ ಚಿನ್ನ ಇವತ್ತಿಗೂ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿ ನಡೆಯುತ್ತಲೇ ಇದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕೃಷ್ಣೆಯ ನೀರು ಕುಡಿದು ಕರೆಂಟು ತಯಾರಿಸುತ್ತಿದೆ. ಅದರ ಶಕ್ತಿ 1,720 ಮೆಗಾವಾಟ್. ಪಕ್ಕದ ಯರಮರಸಿನಲ್ಲಿ ಇನ್ನೂ 1,600 ಮೆಗಾವಾಟಿನ ಕೇಂದ್ರ ಕಟ್ಟಿದ್ದಾರೆ. ಬೂದಿ ನಮ್ಮ ಹೊಲಕ್ಕೆ, ಬೆಳಕು ದೂರದ ಪಟ್ಟಣಕ್ಕೆ. ಕೊಪ್ಪಳದ ಸುತ್ತಿನ ಉಕ್ಕಿನ ಕಾರ್ಖಾನೆಗಳ ಧೂಳು ತಾಳಲಾರದೆ 2025ರಲ್ಲಿ ಅಲ್ಲಿಯ ಜನ ಬೀದಿಗಿಳಿದದ್ದು ನಿಮಗೆ ಗೊತ್ತೇ ಇದೆ.

ನೆಲ, ನೀರು, ಚಿನ್ನ, ಕರೆಂಟು ಎಲ್ಲಾ ಇರುವ ಈ ಸೀಮೆ 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಹೇಗೆ ಕಾಣಿಸಿತು? ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ. ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ದೇವದುರ್ಗವೂ ಆ ಪಟ್ಟಿಯಲ್ಲಿ. ನಿಜಾಮನ ಆಡಳಿತದಿಂದ ಹಿಂದೆ ಬಿದ್ದೆವು ಎಂದು ಒಂದು ಕಾಲಕ್ಕೆ ಹೇಳುತ್ತಿದ್ದರು. 1948ರಲ್ಲಿ ನಿಜಾಮ ಹೋದ, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಮೊಮ್ಮಕ್ಕಳು ಮದುವೆಗೆ ಬಂದರೂ ಇನ್ನೂ ನಿಜಾಮನ ಹೆಸರೇ ಹೇಳುವುದು ಎಷ್ಟು ದಿನ? 371ನೇ ಜೆ ಕಲಮಿನಿಂದ ಹುದ್ದೆಗೂ ಕಾಲೇಜು ಸೀಟಿಗೂ ಮೀಸಲು ಸಿಕ್ಕಿತು, ಅದು ಒಳ್ಳೆಯದೇ. ಆದರೆ ಯಾವ ಕಲಮೂ ಭತ್ತದ ಚೀಲಕ್ಕೆ ಬೆಲೆ ಕೊಡಲಿಲ್ಲ.

ಈಗ ನೀರಿನ ಲೆಕ್ಕಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಆಗ ಅದು ಹಿಡಿಯುತ್ತಿದ್ದುದು 133 ಟಿಎಂಸಿ. ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. ಅಂದರೆ 28 ಟಿಎಂಸಿ ಜಾಗವನ್ನು ಮಣ್ಣು ನುಂಗಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಹಳೆಯ ಗೇಟುಗಳ ಭಯಕ್ಕೆ 2025ರ ಮುಂಗಾರಿನಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಲಿಲ್ಲ. ಹೊಳೆ ತುಂಬಿ ಹರಿದರೂ ಅಣೆಕಟ್ಟು ಮುಕ್ಕಾಲು ಭಾಗದಷ್ಟೇ ತುಂಬಿದ್ದು ನಮ್ಮ ದೈವವಲ್ಲ, ದುರಸ್ತಿ ಮಾಡದವರ ಕೆಲಸ.

ಸರ್ಕಾರವನ್ನು ಬೈದು ನಿಲ್ಲಿಸಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಎಡದಂಡೆ ಕಾಲುವೆಯ ಮೂಲ ಯೋಜನೆ ಏನಿತ್ತು? ಸುಮಾರು 6 ಲಕ್ಷ ಎಕರೆಗೆ ನೀರು ತೆಳ್ಳಗೆ ಹಂಚುವುದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಹೆಚ್ಚು, ಭತ್ತಕ್ಕೆ ಅಳೆದಷ್ಟು. ಆದದ್ದೇನು? ಗಂಗಾವತಿ, ಕಾರಟಗಿಯಿಂದ ಸಿಂಧನೂರಿನವರೆಗೆ ಕಾಲುವೆಯ ಮೇಲ್ಭಾಗವೆಲ್ಲ ಭತ್ತವೇ ಆಯಿತು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಎಕರೆಗೂ ಮೀರಿ ಜೋಳ ಬೆಳೆಯಬಹುದು. ಮೇಲಿನವನ ಹೊಲ ಜವಳು ಹಿಡಿಯಿತು, ಕೆಳಗಿನ ಮಾನ್ವಿ, ಸಿರವಾರ, ರಾಯಚೂರಿನ ರೈತ ಪ್ರತಿ ವರ್ಷ 69ನೇ ಮೈಲಿನ ಗೇಜು ಎಷ್ಟು, 104ನೇ ಮೈಲಿನ ಗೇಜು ಎಷ್ಟು ಎಂದು ಕೇಳುತ್ತ ರಸ್ತೆಯಲ್ಲಿ ಕೂರುವಂತಾಯಿತು. ಮೇಲ್ಭಾಗದ ಬಂಧುಗಳೇ, ಈ ಮಾತು ನಿಮಗೆ ಸಿಟ್ಟು ತರಿಸಬಹುದು. ತರಲಿ. ನಮ್ಮ ನಮ್ಮೊಳಗೆ ನೀರಿನ ಕಳ್ಳತನ ನಡೆಯುವವರೆಗೆ ದಲ್ಲಾಳಿಗೂ ಮಂತ್ರಿಗೂ ನಿದ್ದೆ ಚೆನ್ನಾಗಿ ಬರುತ್ತದೆ.

ಆದರೆ ಮೇಲಿನವನು ಭತ್ತ ಯಾಕೆ ಹಚ್ಚಿದ? ಜೋಳಕ್ಕೆ ಕೊಳ್ಳುವ ಗ್ಯಾರಂಟಿ ಇರಲಿಲ್ಲ, ಭತ್ತಕ್ಕೆ ಮಿಲ್ಲು ಬಾಗಿಲಲ್ಲಿತ್ತು. ಬೆಳೆ ಪದ್ಧತಿ ಕೆಟ್ಟದ್ದು ರೈತನ ಆಸೆಯಿಂದಷ್ಟೇ ಅಲ್ಲ, ಬೆಲೆ ಪದ್ಧತಿಯಿಂದ. 2025-26ರ ಮುಂಗಾರಿಗೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಾಲಿಗೆ 3,699 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಬೆಂಬಲ ಬೆಲೆ ಎಂದು ಕೇಂದ್ರ ಸಾರಿತು. ಕಾಗದದಲ್ಲಿ ಜೋಳವೇ ಮೇಲು. ಆದರೆ ಕೊಯ್ಲಿನ ದಿನ ತಕ್ಕಡಿ ಹಿಡಿದು ಕೊಳ್ಳುವವರಿಲ್ಲದಿದ್ದರೆ ಬೆಂಬಲ ಬೆಲೆ ಗೋಡೆ ಮೇಲಿನ ಚಿತ್ರದ ಹೋಳಿಗೆ.

ಜನದ ಲೆಕ್ಕವನ್ನೂ ನೋಡಿ. ಕಾಲುವೆ ಬಂದಾಗ ನೀರಾವರಿಯ ಅನುಭವವಿದ್ದ ಆಂಧ್ರದ ಕರಾವಳಿಯ ರೈತರು ಬಂದು ಕ್ಯಾಂಪು ಕಟ್ಟಿದರು. ನಮ್ಮವರಲ್ಲಿ ಎಷ್ಟೋ ಮಂದಿ ಒಣಭೂಮಿಯ ಬೆಲೆಗೆ ಹೊಲ ಮಾರಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ನಿಂತರು. ಅವರೆಲ್ಲ ಈಗ ನಮ್ಮವರೇ; ಅವರ ಸಾಲವೂ ನಮ್ಮ ಸಾಲವೂ ಒಂದೇ ಅಂಗಡಿಯ ಖಾತೆಯಲ್ಲಿದೆ. ಇನ್ನೊಂದು ಕಡೆ ದೇವದುರ್ಗ, ಲಿಂಗಸುಗೂರಿನ ತಾಂಡಾಗಳಿಂದ, ಹಟ್ಟಿಗಳಿಂದ ಜನ ಬೆಂಗಳೂರು, ಪುಣೆಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಹೊಲಕ್ಕೆ ಆಳು ಸಿಗೋದಿಲ್ಲ ಎಂದು ಗೊಣಗುವ ನಾವು ಒಂದು ಮಾತು ಕೇಳಿಕೊಳ್ಳಬೇಕು: ಬೆಳೆಗೆ ಬೆಲೆ ಬಾರದವನು ಕೂಲಿಯನ್ನು ಎಲ್ಲಿಂದ ತಾನೇ ಕೊಟ್ಟಾನು? ಕೂಲಿಯವನ ಗುಳೆ, ರೈತನ ಸಾಲ, ಎರಡೂ ಒಂದೇ ಬಾವಿಯ ನೀರು.

ಇನ್ನು ಫಸಲು. ಒಂದು ಕ್ವಿಂಟಾಲ್ ಭತ್ತ ಮಿಲ್ಲಿಗೆ ಹೋದರೆ ಸರ್ಕಾರದ ಲೆಕ್ಕದಂತೆ 67 ಕಿಲೋ ಅಕ್ಕಿ. ಉಳಿದದ್ದು ಮಣ್ಣುಪಾಲಾಗುವುದಿಲ್ಲ. ತೌಡಿನಿಂದ ಎಣ್ಣೆ, ಹೊಟ್ಟಿನಿಂದ ಬಾಯ್ಲರಿಗೆ ಬೆಂಕಿ, ನುಚ್ಚಿಗೂ ಗಿರಾಕಿ. ಹತ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಅರಳೆ, ಮಿಕ್ಕದ್ದು ಕಾಳು. ಆ ಕಾಳಿನ ಎಣ್ಣೆ ಮಾರುವವನು ಬೇರೆ, ಹಿಂಡಿ ಮಾತ್ರ ನಮ್ಮ ಎಮ್ಮೆಗೆ ದುಡ್ಡು ಕೊಟ್ಟು ನಾವೇ ತರುತ್ತೇವೆ. ಹಸಿ ಮಾಲು ಅಗ್ಗಕ್ಕೆ ಹೊರಗೆ, ತಯಾರಾದ ಮಾಲು ದುಬಾರಿಗೆ ಒಳಗೆ. ಬ್ರಿಟಿಷರು ದೇಶಕ್ಕೆ ಮಾಡಿದ್ದನ್ನು ಪೇಟೆ ಹಳ್ಳಿಗೆ ಮಾಡುತ್ತಿದೆ.

2,369 ರೂಪಾಯಿ ಹೇಗೆ ಬಂತು ಗೊತ್ತೇ? ಕ್ವಿಂಟಾಲ್ ಭತ್ತದ ಖರ್ಚು 1,579 ರೂಪಾಯಿ ಎಂದು ಹಿಡಿದು ಅದಕ್ಕೆ ಅರ್ಧ ಕೂಡಿಸಿದರು. ಆ ಖರ್ಚಿನಲ್ಲಿ ಸ್ವಂತ ಭೂಮಿಯ ಗೇಣಿ ಇಲ್ಲ, ಹಾಕಿದ ಸ್ವಂತ ಬಂಡವಾಳದ ಬಡ್ಡಿ ಇಲ್ಲ. ಅಂಗಡಿಯವನು ತನ್ನ ಮಳಿಗೆಯ ಬಾಡಿಗೆ ಬಿಟ್ಟು ಲೆಕ್ಕ ಹಾಕುತ್ತಾನೆಯೇ? ಎಲ್ಲ ಖರ್ಚನ್ನೂ ಹಿಡಿದು ಅದರ ಮೇಲೆ ಶೇ. 50 ಕೊಡಿ ಎಂಬುದು ಸ್ವಾಮಿನಾಥನ್ ಆಯೋಗದ ವರದಿಯ ಹೆಸರಿನಲ್ಲಿ ದೇಶದ ರೈತರು ಇಷ್ಟು ವರ್ಷ ಕೇಳುತ್ತ ಬಂದದ್ದು.

ಆ ಕಡಿಮೆ ಬೆಲೆಯಾದರೂ ಕೈಗೆ ಬಂತೇ? 75 ಕಿಲೋ ಚೀಲಕ್ಕೆ ಅದು ಸುಮಾರು 1,777 ರೂಪಾಯಿ. ವ್ಯಾಪಾರಿ ಚೀಲಕ್ಕೆ ನೂರು ರೂಪಾಯಿ ಕಡಿಮೆ ಕೊಟ್ಟ ಎಂದು ಹಿಡಿಯಿರಿ. ಎಕರೆಗೆ 30 ಚೀಲವಾದರೆ 3,000 ಹೋಯಿತು, ಐದು ಎಕರೆಗೆ 15,000. ಇದನ್ನು ಯಾರೂ ಸುಲಿಗೆ ಅನ್ನೋದಿಲ್ಲ, ಮಾರ್ಕೆಟ್ ಅಂತಾರೆ. ಬೆಲೆ ತುಸು ಏರಿದರೋ, ಆಗ ಸರ್ಕಾರಕ್ಕೆ ಎಚ್ಚರ. 2023ರ ಜುಲೈ 20ರಂದು ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದರು, ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ 28ಕ್ಕೆ. 2025ರ ಆಗಸ್ಟಿನಲ್ಲಿ, ನಮ್ಮ ಹತ್ತಿ ಇನ್ನೂ ಗಿಡದಲ್ಲಿದ್ದಾಗ, ಹೊರದೇಶದ ಹತ್ತಿಯ ಮೇಲಿನ ಶೇ. 11 ಆಮದು ಸುಂಕ ತೆಗೆದರು. ಡಿಸೆಂಬರ್ ಕೊನೆಯವರೆಗೆ, ಅಂದರೆ ನಾವು ಬಿಡಿಸಿ ಮಾರುವ ಕಾಲದಲ್ಲೇ, ಆ ರಿಯಾಯಿತಿ ನಡೆಯಿತು. ನಷ್ಟ ನಮ್ಮದು, ಲಾಭಕ್ಕೆ ಮಾತ್ರ ಮಿತಿ.

ಸಾಲ ಹುಟ್ಟುವುದು ಇಲ್ಲಿ. ಜೂನಿನಲ್ಲಿ ಬೀಜ, ಗೊಬ್ಬರ, ಎಣ್ಣೆ ಉದ್ರಿ ಕೊಡುವವನೇ ಡಿಸೆಂಬರಿನಲ್ಲಿ ಫಸಲು ತೂಗುವವನು. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೂ ಲಕ್ಷಕ್ಕೆ ಆರು ತಿಂಗಳಲ್ಲಿ 12,000. ಅವನ ಹತ್ತಿರ ಬೆಲೆ ಕೇಳುವ ಬಾಯಿ ನಮಗಿಲ್ಲ. 2008ರಲ್ಲಿ ಕೇಂದ್ರ, 2018ರಲ್ಲಿ ರಾಜ್ಯ ಸಾಲ ಮನ್ನಾ ಮಾಡಿದವು. ಎರಡೂ ಬ್ಯಾಂಕು, ಸೊಸೈಟಿಯ ಸಾಲಕ್ಕೆ. ಅಂಗಡಿಯ ಖಾತೆಗೆ ಮನ್ನಾ ಇಲ್ಲ. ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ಎಂದು 2023ರಲ್ಲಿ ರಾಜ್ಯ ಬಜೆಟ್ಟಿನಲ್ಲಿ ಸಾರಿದರು. ನಿಮ್ಮೂರ ಸೊಸೈಟಿಯಲ್ಲಿ ಅಷ್ಟು ಸಾಲ ಎಷ್ಟು ಜನಕ್ಕೆ ಸಿಕ್ಕಿದೆ, ಹೋಗಿ ಪಟ್ಟಿ ಕೇಳಿ. ಹೆಣ್ಣುಮಕ್ಕಳ ಹೆಸರಿನಲ್ಲಿ ವಾರದ ಕಂತಿನ ಸಾಲ ಮನೆಮನೆಗೆ ಬಂದು, ವಸೂಲಿಯ ಕಾಟಕ್ಕೆ ಜೀವಗಳು ಹೋದ ಮೇಲೆ 2025ರಲ್ಲಿ ರಾಜ್ಯ ಕಾನೂನು ಮಾಡಿತು. ಕಾನೂನು ಒಳ್ಳೆಯದೇ. ಆದರೆ ಒಬ್ಬನೇ ಹೋಗಿ ಠಾಣೆಯ ಮುಂದೆ ನಿಂತವನಿಗೆ ಕಾನೂನು ಕಾಣಿಸೋದು ಕಷ್ಟ.

ಹಾಗಾದರೆ ಏನು ಮಾಡೋಣ? ನಾಲ್ಕು ಕೆಲಸ.

ಒಂದು, ಪ್ರತಿ ಊರಿನಲ್ಲೂ ಒಂದು ಪುಸ್ತಕ ಇಡಿ. ಈ ವರ್ಷ ಊರಿಂದ ಎಷ್ಟು ಚೀಲ ಭತ್ತ, ಹತ್ತಿ, ತೊಗರಿ ಹೋಯಿತು, ಯಾವ ಬೆಲೆಗೆ. ಊರಿಗೆ ಎಷ್ಟು ಗೊಬ್ಬರ, ಬೀಜ, ಸಾಲ ಬಂತು, ಯಾವ ಬಡ್ಡಿಗೆ. ಹತ್ತನೇ ತರಗತಿ ಓದಿದ ಹುಡುಗ ಅಥವಾ ಹುಡುಗಿ ಸಾಕು ಇದಕ್ಕೆ.

ಎರಡು, ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ತೆರೆಯಬೇಕು, ಜೋಳಕ್ಕೂ ತೆರೆಯಬೇಕು ಎಂದು ಈಗಲೇ ಅರ್ಜಿ ಕೊಡಿ. ಭತ್ತವನ್ನು ಒಣಗಿಸಿ ಒಯ್ಯಿರಿ, ತೇವ ಶೇ. 17ಕ್ಕಿಂತ ಹೆಚ್ಚಿದೆ ಎಂದು ತಿರಸ್ಕರಿಸುವ ನೆಪ ಅವರಿಗೆ ಉಳಿಯಬಾರದು.

ಮೂರು, ಕಾಲುವೆಯ ಗೇಜು ದಿನವೂ ಪಂಚಾಯ್ತಿ ಹಲಗೆಯ ಮೇಲೆ ಬರಲಿ. ಮೇಲ್ಭಾಗದ ಊರಿನವರು, ಕೆಳಭಾಗದ ಊರಿನವರು ನೀರು ಬಿಡುವ ಮೊದಲೇ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡಲಿ.

ನಾಲ್ಕು, ಸಾಲದ ವಿಷಯದಲ್ಲಿ ಯಾವ ರೈತನೂ ಒಬ್ಬನೇ ಮಾತಾಡಬಾರದು. ಊರಿನ ಹತ್ತು ಜನ ಜೊತೆಗೆ ಹೋಗಿ ಖಾತೆ ತೋರಿಸು ಎಂದು ಕೇಳಿ.

ನಮ್ಮ ಪಶ್ಚಿಮದ ನೆರೆಯ ಮಲಪ್ರಭಾ ಅಚ್ಚುಕಟ್ಟಿನಲ್ಲಿ, ನರಗುಂದ, ನವಲಗುಂದದಲ್ಲಿ, 1980ರ ಜುಲೈ 21ರಂದು ರೈತರು ಗುಂಡಿಗೆ ಎದೆಯೊಡ್ಡಿದ್ದು ಎಲ್ಲಿಂದ ಶುರುವಾಯಿತು? ಯಾವ ನೀರಿಗೆ ಈ ಕರ ಎಂಬ ಒಂದು ಲೆಕ್ಕದ ಪ್ರಶ್ನೆಯಿಂದ. ಲೆಕ್ಕ ಕೇಳುವವನಿಗೆ ಆಳುವವರು ಹೆದರುತ್ತಾರೆ, ಕೈ ಚಾಚುವವನಿಗೆ ಹೆದರೋದಿಲ್ಲ.

ಎರಡು ನದಿಗಳ ನಡುವೆ ಕೂತು ನಾವು ಬಡವರು ಅನ್ನುವುದು ನದಿಗಳಿಗೆ ಮಾಡುವ ಅವಮಾನ. ನಾವು ಬಡವರಲ್ಲ, ಬರಬೇಕಾದ ಬಾಕಿ ಬಾರದವರು. ಬರುವ ಯುಗಾದಿಯ ಹೊತ್ತಿಗೆ ನಿಮ್ಮೂರ ಪುಸ್ತಕದ ಮೊದಲ ಪುಟ ತುಂಬಿರಲಿ. ಪತ್ರಿಕೆಗೆ ಕಳಿಸಿ, ಅಚ್ಚು ಹಾಕುತ್ತೇವೆ. ಒಂದು ಊರಿನ ಲೆಕ್ಕ ಗೊಣಗಾಟ ಅನಿಸಬಹುದು. ನೂರು ಊರಿನ ಲೆಕ್ಕ ಬಂದರೆ ಅದಕ್ಕೆ ಉತ್ತರ ಕೊಡದೆ ಗತಿಯಿಲ್ಲ.